ಎದೆ ಹಿಡಿದುಕೊಂಡವರ ಪಕ್ಕದಲ್ಲಿ ಇರುವವರಿಗೆ ಒಂದು ಬಹಿರಂಗ ಪತ್ರ

ಪಕ್ಕದಲ್ಲಿರುವವರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಹೆಂಡತಿ ಇರಬಹುದು, ಮಗ ಇರಬಹುದು, ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಇರಬಹುದು, ಬಸ್ಸಿನಲ್ಲಿ ಸುಮ್ನೆ ಜೊತೆಗೆ ಕೂತವರೂ ಇರಬಹುದು. ಯಾವತ್ತೋ ಒಂದು ದಿನ ನಿಮ್ಮ ಪಕ್ಕದಲ್ಲಿರುವವರು ಎದೆ ಹಿಡಿದುಕೊಂಡು "ಏನಿಲ್ಲ, ಸ್ವಲ್ಪ ಗ್ಯಾಸ್" ಅನ್ನಬಹುದು. ಅದು ಹಾರ್ಟ್ ಅಟ್ಯಾಕ್ ಇರಬಹುದು. ಆ ಹೊತ್ತಿಗಾಗಿ ಈ ಪತ್ರ. ನಾಲ್ಕು ವರ್ಷದ ಹಿಂದೆ ಆ ಜಾಗದಲ್ಲಿ ನಾನು ಕೂತಿದ್ದೆ. ನನಗೆ ಆಗ ಏನೂ ಗೊತ್ತಿರಲಿಲ್ಲ.

ರಾತ್ರಿ ಎರಡು ಗಂಟೆ. ಅಣ್ಣನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅವನಿಗೆ ಆಗ 48. ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಬಲಗೈ ಮುಷ್ಟಿ ಕಟ್ಟಿ ಎದೆಯ ನಡುವೆ ಒತ್ತಿ ಹಿಡಿದಿದ್ದ. ಬನಿಯನ್ ಪೂರ್ತಿ ಒದ್ದೆ. ಫ್ಯಾನ್ ಜೋರಾಗಿ ತಿರುಗುತ್ತಿತ್ತು, ನನಗೆ ಚಳಿ ಆಗುತ್ತಿತ್ತು, ಅವನ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದು ತೊಟ್ಟಿಕ್ಕುತ್ತಿತ್ತು. "ಏನಾಯ್ತು ಅಣ್ಣ?" ಅಂದೆ. "ಏನಿಲ್ಲ, ಗ್ಯಾಸ್ ಇರಬೇಕು. ನೀನು ಹೋಗಿ ಮಲಗು" ಅಂದ.

ನಾನು ನಂಬಿದೆ. ನಂಬಬೇಕು ಅಂತಲೇ ಇತ್ತೇನೋ, ಅದಕ್ಕೇ ನಂಬಿದೆ. ಗ್ಯಾಸಿನ ಮಾತ್ರೆ ಕೊಟ್ಟೆ, ಬೆನ್ನು ನೀವಿದೆ, ಬಿಸಿನೀರು ಕುಡಿಸಿದೆ. ಮೂರು ಗಂಟೆಗೆ ಪರವಾಗಿಲ್ಲ ಅಂದ. ನಾಲ್ಕಕ್ಕೆ ಮತ್ತೆ ಬಂತು. ಎಡಗೈ ಭಾರ ಅನ್ನಿಸ್ತಿದೆ, ದವಡೆ ಎಳೀತಿದೆ ಅಂದ. ಮಲಗಿದ್ದು ಸರಿ ಇರಲಿಲ್ಲ ಅನ್ಸುತ್ತೆ ಅಂತ ಕಾರಣವನ್ನೂ ಅವನೇ ಹೇಳಿಕೊಂಡ. ಇಷ್ಟು ಹೊತ್ತಿನಲ್ಲಿ ಯಾರನ್ನು ಎಬ್ಬಿಸೋದು, ಬೆಳಗಾಗಲಿ ಅಂತ ಇಬ್ಬರೂ ಕಾದೆವು. ಆರೂವರೆಗೆ ಎದ್ದು ಸ್ನಾನ ಮಾಡಿದ. ಗಡ್ಡ ಬೋಳಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಆಮೇಲೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಇಸಿಜಿ ಮಾಡಲಿಲ್ಲ. ಅಸಿಡಿಟಿ ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಹೊರಗೆ ಬಂದವನು ಗೋಡೆ ಹಿಡಿದುಕೊಂಡು ವಾಂತಿ ಮಾಡಿದ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗಿ ಇಸಿಜಿ ಆಗುವಾಗ ಎಂಟೂಕಾಲು.

ಆ ಡಾಕ್ಟರು ಇಸಿಜಿ ಹಾಳೆ ನೋಡಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ನೋವು ಯಾವಾಗ ಶುರುವಾಯ್ತು?" ಎರಡು ಗಂಟೆಗೆ ಅಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಏನೂ ಅನ್ನಲಿಲ್ಲ. ಬರೆದುಕೊಂಡರು.

ಅಣ್ಣ ಬದುಕಿದ. ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಸ್ಟೆಂಟ್, ಹಾಕಿದರು, ಐದು ದಿನಕ್ಕೆ ಮನೆಗೆ ಬಂದ. ಆದರೆ ಹೃದಯದ ಎಡ ಕೋಣೆ ಪ್ರತಿ ಬಡಿತಕ್ಕೂ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಅಂತ ಒಂದು ಲೆಕ್ಕ ಇದೆ. ಎಕೋ ಅನ್ನುವ ಹೃದಯದ ಸ್ಕ್ಯಾನಿನ ರಿಪೋರ್ಟಿನಲ್ಲಿ ಇಎಫ್ ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ ಅದು ನೂರಕ್ಕೆ 55ರ ಮೇಲೆ ಇರಬೇಕು. ಅಣ್ಣನದು 35. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅವನು ಮೊದಲ ಮಹಡಿಗೆ ಬಂದಾಗ ಕಂಬಿ ಹಿಡಿದು ನಿಲ್ಲುತ್ತಾನೆ, ಯಾರಾದರೂ ನೋಡಿದರೆ ಫೋನ್ ತೆಗೆದು ಏನೋ ನೋಡುವವನ ಹಾಗೆ ಮಾಡುತ್ತಾನೆ. ನಾವು ಕಾದ ಆರು ಗಂಟೆಯ ಲೆಕ್ಕ ಅದು.

ಆ ಆರು ಗಂಟೆಯಲ್ಲಿ ಒಳಗೆ ಏನಾಗುತ್ತಿತ್ತು ಅಂತ ನಾನು ಆಮೇಲೆ ಓದಿದೆ, ಕೇಳಿ ಕೇಳಿ ತಿಳಿದುಕೊಂಡೆ. ಹೃದಯ ಅಂದರೆ ನಮ್ಮ ಮುಷ್ಟಿಯಷ್ಟು ದೊಡ್ಡ ಮಾಂಸದ ಪಂಪು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಸುಮ್ನೆ ಕೂತಿದ್ದರೂ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತ ತಳ್ಳುತ್ತದೆ. ಇಷ್ಟು ರಕ್ತ ಅದರೊಳಗೇ ಹರಿದರೂ ಆ ಮಾಂಸಕ್ಕೆ ಊಟ ಸಿಗುವುದು ಅದರಿಂದ ಅಲ್ಲ. ಹೃದಯದ ಮೈಮೇಲೆ ಬಳ್ಳಿಯ ಹಾಗೆ ಹಬ್ಬಿರುವ ಕೊರೊನರಿ ರಕ್ತನಾಳಗಳು ಬೇರೆಯೇ ಇವೆ. ಅವುಗಳ ದಪ್ಪ ಮೂರು ನಾಲ್ಕು ಮಿಲಿಮೀಟರ್, ಅಷ್ಟೇ.

ಈ ನಾಳಗಳಲ್ಲಿ ಕೊಬ್ಬು ಕೂರುತ್ತದೆ ಅಂತ ಎಲ್ಲರೂ ಕೇಳಿರುತ್ತೇವೆ. ನಾನು ಅದನ್ನು ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಅದು ನಾಳದ ಗೋಡೆಯ ಒಳಗೆ ಬೆಳೆಯುತ್ತದೆ, ಚರ್ಮದ ಕೆಳಗೆ ಕುರು ಬೆಳೆದ ಹಾಗೆ. ವರ್ಷಗಟ್ಟಲೆ ಸುಮ್ಮನಿರುತ್ತದೆ. ಒಂದು ದಿನ ಅದರ ಮೇಲಿನ ತೆಳು ಪೊರೆ ಬಿರಿಯುತ್ತದೆ. ಹರಿಯುತ್ತಿರುವ ರಕ್ತಕ್ಕೆ ಅದು ಗಾಯದ ಹಾಗೆ ಕಾಣುತ್ತದೆ. ಗಾಯ ಆದಾಗ ರಕ್ತ ಏನು ಮಾಡಬೇಕೋ ಅದನ್ನೇ ಅಲ್ಲೂ ಮಾಡುತ್ತದೆ, ಹೆಪ್ಪುಗಟ್ಟುತ್ತದೆ. ಬೆರಳು ಕೊಯ್ದುಕೊಂಡಾಗ ನಮ್ಮನ್ನು ಕಾಪಾಡುವ ಗುಣವೇ ಅಲ್ಲಿ ದಾರಿ ಮುಚ್ಚಿಬಿಡುತ್ತದೆ. ಇದು ಹೀಗೇ ಅಂತ ಡಾಕ್ಟರುಗಳ ನಡುವೆಯೂ ಬಹಳ ಕಾಲ ಒಪ್ಪಿಗೆ ಇರಲಿಲ್ಲ. 1980ರಲ್ಲಿ ಅಮೆರಿಕದ ಡಾಕ್ಟರ್ ಮಾರ್ಕಸ್ ಡಿವುಡ್ ಮತ್ತು ಜೊತೆಗಾರರು, ನೋವು ಶುರುವಾಗಿ ನಾಲ್ಕು ಗಂಟೆಯೊಳಗೆ ಬಂದವರ ಆಂಜಿಯೋಗ್ರಾಂ, ಅಂದರೆ ರಕ್ತನಾಳಗಳ ಎಕ್ಸ್‌ರೇ ಚಿತ್ರ, ಮಾಡಿ ನೋಡಿದರು. ನೂರಕ್ಕೆ 87 ಜನರಲ್ಲಿ ನಾಳ ಪೂರ್ತಿ ಮುಚ್ಚಿತ್ತು. ಆಮೇಲೆ ಚಿಕಿತ್ಸೆಯ ದಾರಿಯೇ ಬದಲಾಯಿತು.

ಇದರಿಂದ ನಮಗೆ ತಿಳಿಯಬೇಕಾದದ್ದು ಒಂದಿದೆ. ಬಿರಿಯುವ ಕುರು ದೊಡ್ಡದೇ ಆಗಿರಬೇಕು ಅಂತಿಲ್ಲ. ಅರ್ಧ ದಾರಿಯನ್ನೂ ಅಡ್ಡಗಟ್ಟದ ಸಣ್ಣದೂ ಬಿರಿಯಬಹುದು. ಹಾಗಾಗಿ ಹೋದ ತಿಂಗಳು ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಬಂದಿತ್ತಲ್ಲ, ಇದು ಹೃದಯದ್ದಲ್ಲ ಅಂತ ದಯವಿಟ್ಟು ಕೂರಬೇಡಿ. ಆ ರಿಪೋರ್ಟು ಆ ದಿನದ್ದು.

ನಾಳ ಮುಚ್ಚಿ ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಅದರ ಕೆಳಗಿನ ಮಾಂಸ ಸಾಯಲು ಶುರುವಾಗುತ್ತದೆ. ಮೊದಲು ಒಳಪದರ, ಆಮೇಲೆ ನಿಧಾನವಾಗಿ ಹೊರಗಡೆಗೆ. ಆರು ಗಂಟೆ ಹೊತ್ತಿಗೆ ಉಳಿಸಿಕೊಳ್ಳಬಹುದಾಗಿದ್ದ ಬಹುಪಾಲು ಹೋಗಿರುತ್ತದೆ. ಸತ್ತ ಜಾಗದಲ್ಲಿ ಹೊಸ ಮಾಂಸ ಬೆಳೆಯುವುದಿಲ್ಲ, ಗಾಯದ ಕಲೆ ಕೂರುತ್ತದೆ. ಕಲೆ ಬಡಿಯುವುದಿಲ್ಲ.

ಮುಚ್ಚಿದ್ದನ್ನು ತೆಗೆಯುವ ದಾರಿ ಮನುಷ್ಯರಿಗೆ ಈಗ ಗೊತ್ತಿದೆ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎನ್ನುವ ಡಾಕ್ಟರು ಎಚ್ಚರ ಇದ್ದ 38 ವರ್ಷದ ರೋಗಿಯೊಬ್ಬರ ಕೊರೊನರಿ ನಾಳದೊಳಗೆ ಪುಟ್ಟ ಬಲೂನ್ ಕಳಿಸಿ, ಕಿರಿದಾಗಿದ್ದ ಜಾಗವನ್ನು ಉಬ್ಬಿಸಿ ಅಗಲ ಮಾಡಿದರು. ಇದಕ್ಕೆ ಆಂಜಿಯೋಪ್ಲಾಸ್ಟಿ ಅನ್ನುತ್ತಾರೆ. ಇವತ್ತು ಅದೇ ಕೆಲಸ ಹಾರ್ಟ್ ಅಟ್ಯಾಕ್ ಆಗುತ್ತಿರುವಾಗಲೇ ನಡೆಯುತ್ತದೆ, ಜೊತೆಗೆ ಸ್ಟೆಂಟ್ ಇಡುತ್ತಾರೆ. ಆ ಸೌಕರ್ಯ ಎರಡು ಗಂಟೆಯೊಳಗೆ ಸಿಗುವ ಹಾಗಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆಸ್ಪತ್ರೆಗಳಿಗೆ ಇದಕ್ಕೆಲ್ಲ ಗಡಿಯಾರದ ನಿಯಮಗಳೂ ಇವೆ. ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಬಾಗಿಲಿಗೆ ಬಂದ 90 ನಿಮಿಷದೊಳಗೆ ನಾಳ ತೆರೆಯಬೇಕು. ಆದರೆ ಆ ಗಡಿಯಾರ ಶುರುವಾಗುವುದು ರೋಗಿ ಬಾಗಿಲು ದಾಟಿದ ಮೇಲೆ. ಅದಕ್ಕೂ ಮುಂಚಿನ ಹೊತ್ತು ಯಾರ ಕೈಯಲ್ಲಿದೆ ಹೇಳಿ? ರೋಗಿಯ ಕೈಯಲ್ಲಿ ಅಲ್ಲ. ಅವರು ಹೆದರಿರುತ್ತಾರೆ, ಒಪ್ಪಿಕೊಳ್ಳಲು ಮನಸ್ಸು ಇರುವುದಿಲ್ಲ, ನಿಮಗೆ ತೊಂದರೆ ಕೊಡಬಾರದು ಅಂತಲೂ ಇರುತ್ತದೆ. ಆ ಹೊತ್ತು ನಿಮ್ಮ ಕೈಯಲ್ಲಿದೆ.

ಅಣ್ಣನ ಮುಷ್ಟಿಯ ಬಗ್ಗೆ ಹೇಳಿದೆನಲ್ಲ. ಆ ಭಂಗಿಗೆ ವೈದ್ಯರ ಪುಸ್ತಕಗಳಲ್ಲಿ ಹೆಸರೇ ಇದೆ, ಲೆವಿನ್ ಸೈನ್ ಅಂತ. ಸ್ಯಾಮ್ಯುಯೆಲ್ ಲೆವಿನ್ ಎನ್ನುವ ಹೃದಯತಜ್ಞರು ಗಮನಿಸಿದ್ದು. ಎಲ್ಲಿ ನೋವು ಅಂತ ಕೇಳಿದರೆ ಒಂದು ಬೆರಳಿಟ್ಟು ತೋರಿಸಲು ಬಾರದೆ, ಎದೆಯ ನಡುವೆ ಮುಷ್ಟಿಯನ್ನೋ ಇಡೀ ಅಂಗೈಯನ್ನೋ ಇಡುತ್ತಾರೆ. ಯಾಕೆಂದರೆ ಅದು ಚುಚ್ಚುವ ನೋವಲ್ಲ. ಹಿಂಡಿದ ಹಾಗೆ, ಬಿಗಿದ ಹಾಗೆ, ಎದೆ ಮೇಲೆ ಯಾರೋ ಕೂತ ಹಾಗೆ. ತುಂಬಾ ಜನ ಅದನ್ನು ನೋವು ಅಂತಲೇ ಹೇಳುವುದಿಲ್ಲ. "ನೋವಿಲ್ಲಪ್ಪ, ಒಂಥರಾ ಆಗ್ತಿದೆ" ಅನ್ನುತ್ತಾರೆ. ಈ "ಒಂಥರಾ" ಅನ್ನುವ ಮಾತಿಗೆ ಕಿವಿ ಕೊಡಿ. ಅದು ಎಡಗೈಗೆ, ಕೆಲವರಿಗೆ ಎರಡೂ ಕೈಗೆ, ಕತ್ತಿಗೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ಜೊತೆಗೆ ತಣ್ಣನೆ ಬೆವರು, ಏದುಸಿರು, ಹೊಟ್ಟೆ ತೊಳಸುವುದು. ಬೆವರು ಕಂಡರಂತೂ ಒಂದು ನಿಮಿಷವೂ ಯೋಚಿಸಬೇಡಿ.

ಎದೆಯಲ್ಲಿ ಏನೂ ಆಗದೆಯೂ ಹಾರ್ಟ್ ಅಟ್ಯಾಕ್ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಇದು ಇನ್ನೂ ಜಾಸ್ತಿ. ಬರೀ ಉಸಿರು ಕಟ್ಟುವುದು, ಇದ್ದಕ್ಕಿದ್ದಂತೆ ಕೈಕಾಲು ಸೋಲುವಷ್ಟು ಸುಸ್ತು, ವಾಂತಿ, ತಲೆ ತಿರುಗು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎನ್ನುವ ಊರಿನಲ್ಲಿ 1948ರಿಂದ ಸಾವಿರಾರು ಜನರ ಹೃದಯವನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. ಅಲ್ಲಿ ಆದ ಹಾರ್ಟ್ ಅಟ್ಯಾಕ್‌ಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಆಗುವಾಗ ಗೊತ್ತೇ ಆಗಿರಲಿಲ್ಲ, ಆಮೇಲೆ ಇಸಿಜಿಯಲ್ಲಿ ಸಿಕ್ಕಿಬಿದ್ದವು. ಅಮ್ಮಂದಿರ ವಿಷಯದಲ್ಲಿ ನನಗೆ ಜಾಸ್ತಿ ಭಯ. ಅಪ್ಪ ಎದೆ ಹಿಡಿದುಕೊಂಡರೆ ಮನೆಯವರೆಲ್ಲ ಓಡುತ್ತಾರೆ. ಅಮ್ಮ ಸುಸ್ತು ಅಂದರೆ "ಸ್ವಲ್ಪ ರೆಸ್ಟ್ ತಗೋ" ಅನ್ನುತ್ತಾರೆ, ಅಲ್ವಾ?

ಗ್ಯಾಸಿನ ಮಾತ್ರೆಯಿಂದ ಕಡಿಮೆ ಆಯಿತು ಅಂದರೆ ಗ್ಯಾಸೇ ಅಂತ ಅರ್ಥ ಅಲ್ಲ. ಹೃದಯದ ನೋವೂ ಬಂದು ಹೋಗಿ ಮಾಡುತ್ತದೆ, ಹೆಪ್ಪು ಸ್ವಲ್ಪ ಕರಗಿ ಮತ್ತೆ ಕಟ್ಟಬಹುದು. ಅಣ್ಣ ಮೂರು ಗಂಟೆಗೆ ಪರವಾಗಿಲ್ಲ ಅಂದಾಗ ನಾನು ಮೋಸ ಹೋದದ್ದು ಅಲ್ಲೇ. ಎದೆಯ ಬಿಗಿತ ಕೆಲವು ನಿಮಿಷಕ್ಕಿಂತ ಜಾಸ್ತಿ ಇದ್ದರೆ, ಅಥವಾ ಹೋಗಿ ಮತ್ತೆ ಬಂದರೆ, ಗ್ಯಾಸೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಮನೆಯಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರಿಗೂ ಇಸಿಜಿ ಇಲ್ಲದೆ ಗೊತ್ತಾಗುವುದಿಲ್ಲ.

ಏನು ಮಾಡಬೇಕು? ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ. ರೋಗಿ ತಾನೇ ಗಾಡಿ ಓಡಿಸಬಾರದು, ದಾರಿಯಲ್ಲಿ ಎಚ್ಚರ ತಪ್ಪಿದರೆ ಅವರ ಜೊತೆ ಇನ್ನೊಬ್ಬರೂ ಹೋಗುತ್ತಾರೆ. ಆಂಬುಲೆನ್ಸ್ ಬೇಗ ಬರುವ ಹಾಗೇ ಇಲ್ಲ ಅನ್ನುವ ಕಡೆ ಮಾತ್ರ ಬೇರೆಯವರು ಓಡಿಸಲಿ. ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಯ ಹುಣ್ಣಿನಿಂದಲೋ ಬೇರೆ ಕಡೆಯೋ ರಕ್ತ ಹೋಗುವ ತೊಂದರೆ ಇಲ್ಲದಿದ್ದರೆ, ಡಾಕ್ಟರು ಬೇಡ ಅಂದಿಲ್ಲದಿದ್ದರೆ, 300 ಮಿಲಿಗ್ರಾಂನ ಸಾದಾ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಲಿ. ಅಗಿಯುವುದು ಮುಖ್ಯ, ಬೇಗ ರಕ್ತಕ್ಕೆ ಸೇರುತ್ತದೆ. ಆಂಬುಲೆನ್ಸಿನವರ ಹತ್ತಿರ ಫೋನಿನಲ್ಲಿ ಕೇಳಿಯೇ ಕೊಡಿ, ಇನ್ನೂ ಒಳ್ಳೆಯದು. ಈ ಪುಟ್ಟ ಮಾತ್ರೆ ಏನು ಮಾಡೀತು ಅನ್ನಿಸಬಹುದು. 1988ರಲ್ಲಿ ಪ್ರಕಟವಾದ ಐಸಿಸ್-2 ಎನ್ನುವ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಬರೀ ಆಸ್ಪಿರಿನ್‌ನಿಂದಲೇ ಐದು ವಾರದೊಳಗಿನ ಸಾವು ಸುಮಾರು ಕಾಲು ಭಾಗ ಇಳಿಯಿತು. ಹೆಪ್ಪು ಕರಗಿಸುವ ಔಷಧಿಯೂ ಜೊತೆಗೆ ಸೇರಿದಾಗ ನೂರಕ್ಕೆ 42ರಷ್ಟು ಇಳಿಯಿತು.

ಬೇರೆಯವರಿಗೆ ಬರೆದುಕೊಟ್ಟ ನಾಲಿಗೆ ಕೆಳಗಿಡುವ ಮಾತ್ರೆಯನ್ನು ಇವರಿಗೆ ಕೊಡಬೇಡಿ, ಬಿಪಿ ಕುಸಿದುಬಿಡಬಹುದು. ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಅಂತ ಒಂದು ಮೆಸೇಜು ಎಷ್ಟೋ ವರ್ಷದಿಂದ ಓಡಾಡುತ್ತಿದೆ. ಅದು ಸುಳ್ಳು. ಕೆಮ್ಮಿನಿಂದ ಹೆಪ್ಪು ಸರಿಯುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ನಿಮ್ಮ ಫೋನಿಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಹೇಳಿ.

ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಹೇಳಿ, "ಎದೆನೋವು, ಇಷ್ಟು ಗಂಟೆಗೆ ಶುರುವಾಯ್ತು, ಇಸಿಜಿ ಮಾಡಿ" ಅಂತ. ನಾನು ಆ ಕ್ಲಿನಿಕ್ಕಿನಲ್ಲಿ ಕೇಳಲಿಲ್ಲ, ಅವರಿಗೆ ಗೊತ್ತಿರುತ್ತಲ್ಲ ಅಂತ ಸುಮ್ಮನಿದ್ದೆ. ಮೊದಲ ಇಸಿಜಿ ನಾರ್ಮಲ್ ಬಂತು, ನೋವು ಮಾತ್ರ ಹೋಗಿಲ್ಲ ಅಂದರೆ ಎದ್ದು ಮನೆಗೆ ಬರಬೇಡಿ. ಇಸಿಜಿಯನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುತ್ತಾರೆ. ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆಯನ್ನೂ ಎರಡು ಸಲ ಮಾಡುವುದು ಅದಕ್ಕೇ. ಮಾಂಸಕ್ಕೆ ಏಟು ಬಿದ್ದ ಮೇಲೆ ಆ ಅಂಶ ರಕ್ತದಲ್ಲಿ ಕಾಣಿಸಿಕೊಳ್ಳಲು ಹೊತ್ತು ಬೇಕು.

ಇನ್ನೊಂದು ಮಾತು, ಇದನ್ನು ಹೇಳಲು ನನಗೆ ಕಷ್ಟ ಆಗುತ್ತದೆ. ಡಾಕ್ಟರು ಆಂಜಿಯೋಪ್ಲಾಸ್ಟಿ ಈಗಲೇ ಮಾಡಬೇಕು, ಸಹಿ ಹಾಕಿ ಅಂದಾಗ ನಾನು ಪೆನ್ನು ಹಿಡಿದುಕೊಂಡು ನಾಲ್ಕು ಜನಕ್ಕೆ ಫೋನ್ ಮಾಡಿದೆ. ಒಬ್ಬರು ಬೇರೆ ಆಸ್ಪತ್ರೆಗೆ ತೋರಿಸು ಅಂದರು, ಇನ್ನೊಬ್ಬರು ನಾನು ಬರೋವರೆಗೂ ಕಾಯಿ ಅಂದರು. ಹೀಗೆ ಇಪ್ಪತ್ತೈದು ನಿಮಿಷ ಹೋಯಿತು. ಮೊದಲೇ ಆರು ಗಂಟೆ ಕಳೆದಿದ್ದಕ್ಕೆ ಅದೂ ಸೇರಿತು. ಎರಡನೇ ಡಾಕ್ಟರನ್ನು ಕೇಳುವುದು ಒಳ್ಳೆಯದೇ, ವಾರಗಟ್ಟಲೆ ಸಮಯ ಇರುವ ಆಪರೇಷನ್ನಿಗೆ. ನಾಳ ಪೂರ್ತಿ ಮುಚ್ಚಿದೆ ಅಂತ ಇಸಿಜಿ ಹೇಳುತ್ತಿರುವಾಗ ಅಲ್ಲ. ನೀವು ಫೋನಿನ ಆ ಕಡೆ ಇರುವ ನೆಂಟರಾದರೆ, ದೂರದಿಂದ "ಕಾಯಿ" ಅನ್ನಬೇಡಿ. "ಡಾಕ್ಟರು ಹೇಳಿದ ಹಾಗೆ ಮಾಡು, ನಾನು ಬರ್ತಿದ್ದೀನಿ" ಅನ್ನಿ. ಅಷ್ಟು ಸಾಕು.

ಹಾರ್ಟ್ ಅಟ್ಯಾಕ್ ಬೇರೆ, ಹೃದಯ ನಿಂತೇ ಹೋಗುವುದು ಬೇರೆ. ಮೊದಲನೆಯದು ರಕ್ತದ ದಾರಿ ಕಟ್ಟಿಕೊಳ್ಳುವುದು, ಮನುಷ್ಯ ಎಚ್ಚರ ಇರುತ್ತಾನೆ, ಮಾತಾಡುತ್ತಾನೆ. ಎರಡನೆಯದು ಹೃದಯದ ಕರೆಂಟು ಕೆಟ್ಟು ಬಡಿತ ನಿಲ್ಲುವುದು. ಅದಕ್ಕೆ ಕಾರ್ಡಿಯಾಕ್ ಅರೆಸ್ಟ್ ಅನ್ನುತ್ತಾರೆ. ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಬಹುದು, ಅದಕ್ಕೇ ಕಾಯಬಾರದು. ಮನುಷ್ಯ ಇದ್ದಕ್ಕಿದ್ದಂತೆ ಕುಸಿದ, ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿಯಿರಿ. ಇಲ್ಲೊಂದು ಮೋಸ ಇದೆ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮನುಷ್ಯ ಆಗಾಗ ಬಾಯಿ ಕಳೆದು ಗೊರಕೆಯ ಹಾಗೆ ಗಾಳಿ ಎಳೆಯಬಹುದು. ನೋಡಿದವರು ಉಸಿರಾಡುತ್ತಿದ್ದಾನೆ ಅಂತ ಸಮಾಧಾನ ಪಡುತ್ತಾರೆ. ಅದು ಉಸಿರಾಟ ಅಲ್ಲ.

ಆಂಬುಲೆನ್ಸಿಗೆ ಹೇಳಿ, ಫೋನ್ ಸ್ಪೀಕರಿನಲ್ಲಿ ಇಡಿ, ಎದೆಯ ನಡುವೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಬಾಯಿಗೆ ಬಾಯಿಟ್ಟು ಗಾಳಿ ಊದಲು ಗೊತ್ತಿಲ್ಲದಿದ್ದರೆ ಬಿಡಿ, ಒತ್ತುವುದನ್ನು ಮಾತ್ರ ನಿಲ್ಲಿಸಬೇಡಿ. ಪಕ್ಕೆಲುಬು ಮುರಿದರೆ ಅಂತ ಹೆದರಬೇಡಿ. ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ. ಏನೂ ಮಾಡದೆ ನಿಂತರೆ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕಡಿಮೆ ಆಗುತ್ತಾ ಹೋಗುತ್ತದೆ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಮತ್ತು ಫಿನ್‌ಲೆಂಡ್ ನಡುವೆ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಡೆನ್ಮಾರ್ಕಿನ ಆಟಗಾರ, 29 ವರ್ಷದ ಕ್ರಿಶ್ಚಿಯನ್ ಎರಿಕ್ಸನ್ ಆಡುತ್ತಾ ಆಡುತ್ತಾ ಕುಸಿದು ಬಿದ್ದರು. ಯಾರೂ ಅವರಿಗೆ ಡಿಕ್ಕಿ ಹೊಡೆದಿರಲಿಲ್ಲ. ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಜೊತೆಯವರು ಸುತ್ತ ಗೋಡೆಯ ಹಾಗೆ ನಿಂತರು. ಮೈದಾನದಿಂದ ಹೊರಗೆ ಹೋಗುವಾಗ ಅವರಿಗೆ ಎಚ್ಚರ ಇತ್ತು. 2022ರ ಫೆಬ್ರವರಿಯಲ್ಲಿ ಮತ್ತೆ ಆಡಿದರು.

ಈಗ ಶಾಲೆ ನಡೆಸುವವರಿಗೆ, ಕಚೇರಿ ನಡೆಸುವವರಿಗೆ, ನಿಯಮ ಬರೆಯುವ ಅಧಿಕಾರಿಗಳಿಗೆ ಒಂದು ಮಾತು. ನೀವು ಎಲ್ಲೇ ಇರಿ, ಅದೇ ಡೆನ್ಮಾರ್ಕ್ ಏನು ಮಾಡಿದೆ ಅಂತ ನೋಡಿ. 2005ರಲ್ಲಿ ಶಾಲೆಗಳಲ್ಲಿ, 2006ರಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆಯುವವರಿಗೆ, ಎದೆ ಒತ್ತುವ ತರಬೇತಿ ಕಡ್ಡಾಯ ಆಯಿತು. ಶಾಕ್ ಕೊಡುವ ಯಂತ್ರಗಳನ್ನು ಜನ ಓಡಾಡುವ ಕಡೆ ಇಟ್ಟರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಿಗೆ ದಾರಿಹೋಕರು ಎದೆ ಒತ್ತಿದ್ದು 2001ರಲ್ಲಿ ನೂರಕ್ಕೆ 21, 2010ರಲ್ಲಿ 45ರ ಹತ್ತಿರ. ಒಂದು ತಿಂಗಳ ನಂತರವೂ ಬದುಕಿದ್ದವರು ನೂರಕ್ಕೆ 3.5 ಇದ್ದದ್ದು 10.8 ಆಯಿತು. ಮೂರು ಪಟ್ಟು! ಅದೇ ಹೃದಯ, ಅದೇ ಕಾಯಿಲೆ, ಪಕ್ಕದಲ್ಲಿ ಇದ್ದವರಿಗೆ ಏನು ಮಾಡಬೇಕು ಅಂತ ಗೊತ್ತಿತ್ತು. ಮಕ್ಕಳಿಗೆ ಒಂದು ಬೊಂಬೆ ತಂದು ಅರ್ಧ ದಿನ ಕಲಿಸಿ, ಸಾಕು. ಎಇಡಿ ಅನ್ನುವ ಆ ಯಂತ್ರವನ್ನು ತಂದರೆ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಎಲ್ಲರಿಗೂ ಕಾಣುವ ಗೋಡೆಯಲ್ಲಿ ತೂಗುಹಾಕಿ. ಅದು ತಾನೇ ಮಾತಾಡಿ ದಾರಿ ಹೇಳುತ್ತದೆ, ಶಾಕ್ ಬೇಡದವರಿಗೆ ಶಾಕ್ ಕೊಡುವುದಿಲ್ಲ. ತಪ್ಪು ಮಾಡಿಬಿಡುತ್ತೇವೆ ಅನ್ನುವ ಭಯಕ್ಕೆ ಅಲ್ಲಿ ಜಾಗ ಇಲ್ಲ.

ಬರದ ಹಾಗೆ ನೋಡಿಕೊಳ್ಳುವುದರ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ಮೊದಲ ಹಾರ್ಟ್ ಅಟ್ಯಾಕ್‌ನ ಅಪಾಯದಲ್ಲಿ ನೂರಕ್ಕೆ 90ರಷ್ಟನ್ನು ಒಂಬತ್ತು ವಿಷಯಗಳೇ ವಿವರಿಸುತ್ತವೆ. ಬಹುತೇಕ ಎಲ್ಲ ನಮ್ಮ ಕೈಗೆ ಸಿಗುವಂಥವೇ, ಸಿಗರೇಟು, ಕೊಲೆಸ್ಟರಾಲ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹೀಗೆ. ಅಣ್ಣ ದಿನಕ್ಕೆ ಎರಡೇ ಸಿಗರೇಟು ಸೇದುತ್ತಿದ್ದ, ಎರಡು ಏನು ಮಹಾ ಅಂತ ನಾವೂ ಬಿಟ್ಟಿದ್ದೆವು. ದಿನಕ್ಕೆ ಇಪ್ಪತ್ತು ಸೇದುವವರಿಗೆ ಎಷ್ಟು ಹೆಚ್ಚುವರಿ ಅಪಾಯವೋ, ಒಂದೇ ಸೇದುವವರಿಗೂ ಅದರ ಅರ್ಧದಷ್ಟು ಇರುತ್ತದೆ. ಕಡಿಮೆ ಮಾಡಿದರೆ ಸಾಲದು, ಬಿಡಬೇಕು. ಬಿಪಿಯಂತೂ ಏನೂ ಹೇಳಿಕೊಳ್ಳುವುದಿಲ್ಲ. ಜಗತ್ತಿನಲ್ಲಿ ಬಿಪಿ ಇರುವ ದೊಡ್ಡವರಲ್ಲಿ ಅರ್ಧದ ಹತ್ತಿರ ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಳೆಸಿಕೊಳ್ಳಲು ಎರಡು ನಿಮಿಷ.

ಓಡಾಟದ ಬಗ್ಗೆ ಒಂದು ಹಳೆಯ ಅಧ್ಯಯನ ನನಗೆ ತುಂಬಾ ಇಷ್ಟ. ಜೆರೆಮಿ ಮಾರಿಸ್ ಎನ್ನುವವರು ಲಂಡನ್ನಿನ ಎರಡು ಮಹಡಿ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ರಸ್ತೆ. ಡ್ರೈವರು ಕೂತೇ ಇರುತ್ತಾರೆ, ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು. ಜಿಮ್ ಇಲ್ಲ, ಬೂಟು ಇಲ್ಲ, ಬರೀ ಮೆಟ್ಟಿಲು.

ಅಟ್ಯಾಕ್ ಆದ ಮೇಲಿನ ದಿನಗಳನ್ನೂ ಪಕ್ಕದಲ್ಲಿರುವವರೇ ನೋಡಿಕೊಳ್ಳಬೇಕು. ಆರು ತಿಂಗಳಿಗೆ ಅಣ್ಣ "ಈಗ ಆರಾಮಾಗಿದ್ದೀನಲ್ಲ" ಅಂತ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದ್ದ. ಮಾತ್ರೆಯ ಪಟ್ಟಿಯಲ್ಲಿ ಹಾಳೆ ಒಡೆಯದೆ ಉಳಿದದ್ದು ನೋಡಿ ನನಗೆ ಗೊತ್ತಾಯಿತು. ಹೊಸ ಸ್ಟೆಂಟಿನೊಳಗೆ ಹೆಪ್ಪು ಕಟ್ಟದ ಹಾಗೆ ತಡೆಯುವುದು ಆ ಮಾತ್ರೆಗಳೇ. ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು, ಹಲ್ಲು ಕೀಳಿಸುವುದಿದ್ದರೂ ಕೇಳಬೇಕು. ಅವತ್ತು ನಾನು ಬೈದೆ, ಅವನು ಅತ್ತ. ಮಾತ್ರೆ ನೋಡಿದಾಗೆಲ್ಲ ತಾನು ರೋಗಿ ಅಂತ ನೆನಪಾಗುತ್ತದಂತೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಮನಸ್ಸು ಕುಗ್ಗುವುದು ತುಂಬಾ ಸಾಮಾನ್ಯ. ಸಿಡುಕುತ್ತಾರೆ, ಮೌನ ಆಗುತ್ತಾರೆ, ರಾತ್ರಿ ಎಚ್ಚರ ಇರುತ್ತಾರೆ. ಅದನ್ನೂ ಡಾಕ್ಟರ ಹತ್ತಿರ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಬೈದದ್ದು ನನ್ನ ತಪ್ಪು.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಅಣ್ಣ ನನ್ನ ಬಾಗಿಲು ತಟ್ಟಿದ. ಗ್ಯಾಸ್ ಅನ್ನಲಿಲ್ಲ. "ಎದೇಲಿ ಏನೋ ಆಗ್ತಿದೆ, ನಡಿ" ಅಂದ. ಲುಂಗಿಯಲ್ಲೇ ಹೊರಟ. ಎರಡು ಇಸಿಜಿ, ಮೂರು ಗಂಟೆ ಬಿಟ್ಟು ಇನ್ನೊಂದು, ಎರಡು ಸಲ ರಕ್ತ ಪರೀಕ್ಷೆ. ಏನೂ ಇರಲಿಲ್ಲ, ಹಿಂದಿನ ದಿನ ಕಪಾಟು ಸರಿಸುವಾಗ ಎದೆಯ ಸ್ನಾಯು ಹಿಡಿದುಕೊಂಡಿತ್ತು. ಇವನಿಗೆ ತುಂಬಾ ಮುಜುಗರ ಆಯಿತು. "ಸುಮ್ನೆ ನಿಮಗೆಲ್ಲ ತೊಂದರೆ ಕೊಟ್ಟೆ" ಅಂದ. ರಾತ್ರಿ ಪಾಳಿಯ ನರ್ಸ್ ಕೈಯಿಂದ ಸೂಜಿ ತೆಗೆದು ಹತ್ತಿ ಒತ್ತುತ್ತಾ, "ಮತ್ತೆ ಹೀಗಾದ್ರೂ ಹೀಗೇ ಬನ್ನಿ" ಅಂದರು. ಮನೆಗೆ ಬರುವಾಗ ನಾಲ್ಕೂವರೆ. ಮೊದಲ ಮಹಡಿಯಲ್ಲಿ ಅವನು ಕಂಬಿ ಹಿಡಿದು ನಿಂತ, ಫೋನ್ ತೆಗೆಯಲಿಲ್ಲ. ನಾನೂ ಪಕ್ಕದಲ್ಲಿ ನಿಂತೆ. ಉಸಿರು ಸರಿ ಹೋದ ಮೇಲೆ ಉಳಿದ ಮೆಟ್ಟಿಲು ಹತ್ತಿದೆವು.

ಇಂತಿ,
ಪಕ್ಕದಲ್ಲಿದ್ದ ಒಬ್ಬರು